ಜಿಮ್‌ಗೆ ಹೋಗುವ ಹುಡುಗರಿಗೆ ಕೆ.ವಿ. ಅಯ್ಯರ್ ಯಾಕೆ ಗೊತ್ತಿರಬೇಕು?

ಕನ್ನಡ ಕಾದಂಬರಿ ಓದುವವರಿಗೆ ಕೆ.ವಿ. ಅಯ್ಯರ್ ಅಂದ್ರೆ ‘ಶಾಂತಲಾ’ ಮತ್ತು ‘ರೂಪದರ್ಶಿ’ ಬರೆದವರು. ಯೋಗದ ಇತಿಹಾಸ ಸಂಶೋಧಿಸುವ ವಿದೇಶಿ ವಿದ್ವಾಂಸರಿಗೆ ಅವರು 1930ರ ದಶಕದ ಭಾರತದ ದೊಡ್ಡ ದೇಹದಾರ್ಢ್ಯ ಪಟು, ದೊಡ್ಡ ತರಬೇತುದಾರ. ನಮ್ಮ ಹಳೆ ರಂಗಭೂಮಿ ಬಲ್ಲವರಿಗೆ ಅವರು ‘ರವಿ ಕಲಾವಿದರು’ ತಂಡ ಕಟ್ಟಿದವರು, ಟಿ.ಪಿ. ಕೈಲಾಸಂ ಅವರ ಆಪ್ತರು. ಈ ಮೂರೂ ಜನ ಒಬ್ಬರೇ ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಜಿಮ್‌ಗೆ ಓಡುವ ನಮ್ಮ ಶಿವಮೊಗ್ಗ, ಭದ್ರಾವತಿಯ ಹುಡುಗರಿಗಂತೂ ಈ ಹೆಸರೇ ಕಿವಿಗೆ ಬಿದ್ದಿರಲಿಕ್ಕಿಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಇಳಿದದ್ದು ಪತ್ರಿಕೋದ್ಯಮಕ್ಕೆ. ‘ಶಾಂತಲಾ’ ಓದಿದ್ದು ಕಾಲೇಜಿನ ದಿನಗಳಲ್ಲಿ. ಅದರ ಲೇಖಕರು ಬಾರ್‌ಬೆಲ್ ಎತ್ತುತ್ತಿದ್ದ ಮನುಷ್ಯ ಅಂತ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಆಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಹೋದೆ. ಇದನ್ನು ಈಗ ಬರೆಯೋಕೆ ಕಾರಣ ಇದೆ. ಯುವಕರ ಮೈ ಮೇಲೆ ಇವತ್ತು ಎರಡು ಪಾರ್ಟಿಗಳಿಗೆ ಕಣ್ಣಿದೆ. ಒಂದು ಮಾರುಕಟ್ಟೆ, ಇನ್ನೊಂದು ಬೀದಿ ರಾಜಕೀಯ. ಅಯ್ಯರ್ ಅವರ ಬದುಕು ಇವೆರಡನ್ನೂ ಬೇರೆ ಕಡೆಯಿಂದ ನೋಡಲು ಒಂದು ಜಾಗ ಕೊಡುತ್ತದೆ.

ಕೋಲಾರದ ಹುಡುಗ, ಸ್ಯಾಂಡೋನ ಕಾಲ

ಕೆ.ವಿ. ಅಂದ್ರೆ ಕೋಲಾರ ವೆಂಕಟೇಶ. ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಕೋಲಾರದ ಸೀಮೆಯಲ್ಲಿ, ಬ್ರಾಹ್ಮಣ ಕುಟುಂಬದಲ್ಲಿ. ಅವರಿನ್ನೂ ಚಿಕ್ಕ ಹುಡುಗನಾಗಿದ್ದ 1904-05ರ ಹೊತ್ತಿಗೆ ಯೂಜೆನ್ ಸ್ಯಾಂಡೋ ಎಂಬ ಯೂರೋಪಿನ ಪೈಲ್ವಾನ ಭಾರತ ಸುತ್ತಿ ಹೋಗಿದ್ದ. ಜನ ಟಿಕೆಟ್ ತೆಗೆದುಕೊಂಡು ಅವನ ಮಾಂಸಖಂಡ ನೋಡಿದರು. ಮೈಯನ್ನು ಅಳತೆ ಹಿಡಿದು, ಲೆಕ್ಕ ಇಟ್ಟು, ಯೋಜನೆ ಹಾಕಿ ಕಟ್ಟಬಹುದು ಅನ್ನುವ ವಿಚಾರ ನಮ್ಮ ಊರುಗಳಿಗೆ ಬಂದದ್ದು ಹೀಗೆ. ನಮ್ಮಲ್ಲಿ ಗರಡಿ ಮೊದಲೇ ಇತ್ತು. ಕೆಂಪು ಮಣ್ಣು, ಗದೆ, ದಂಡೆ, ಬಸ್ಕಿ, ಉಸ್ತಾದ್ ಎಲ್ಲವೂ ಇತ್ತು. ಆದರೆ ಗರಡಿ ತಯಾರು ಮಾಡುತ್ತಿದ್ದದ್ದು ಕುಸ್ತಿಗೆ. ಸ್ಯಾಂಡೋ ತಂದದ್ದು ಬೇರೆ ಸರಕು. ಎದುರಾಳಿಯೇ ಇಲ್ಲದೆ, ಕನ್ನಡಿ ಮುಂದೆ ನಿಂತು ಮಾಡುವ ಕಸರತ್ತು ಅದು.

ಅಯ್ಯರ್ ಎರಡನ್ನೂ ತೆಗೆದುಕೊಂಡರು. 1920ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕೆಲವೇ ಹುಡುಗರನ್ನು ಇಟ್ಟುಕೊಂಡು ಒಂದು ವ್ಯಾಯಾಮಶಾಲೆ ಶುರು ಮಾಡಿದರು. ಹೆಸರು ‘ಹರ್ಕ್ಯುಲಿಸ್ ಜಿಮ್ನೇಷಿಯಂ’. ಗ್ರೀಕ್ ವೀರನ ಹೆಸರು ಇಟ್ಟ ಜಾಗದಲ್ಲಿ ಬಾರ್‌ಬೆಲ್ ಜೊತೆಗೆ ಆಸನ, ಪ್ರಾಣಾಯಾಮ, ಸೂರ್ಯ ನಮಸ್ಕಾರ ಎಲ್ಲವೂ ನಡೆಯುತ್ತಿತ್ತು. ಹೊರಗಿನಿಂದ ಬಂದದ್ದು ಅಂತ ಒಂದನ್ನು ದೂಡಲಿಲ್ಲ, ನಮ್ಮದು ಅಂತ ಇನ್ನೊಂದನ್ನು ಪೂಜೆ ಮಾಡಿ ಮೂಲೆಗಿಡಲಿಲ್ಲ. ಬಾರ್‌ಬೆಲ್ ಹೊರಗಿನ ಮಾಂಸಖಂಡ ಬೆಳೆಸುತ್ತದೆ, ಆಸನ ಒಳಗಿನ ಅಂಗಗಳನ್ನು ಸರಿಯಾಗಿ ಇಡುತ್ತದೆ, ಮನುಷ್ಯನಿಗೆ ಎರಡೂ ಬೇಕು. ಸರಳವಾಗಿ ಹೇಳೋದಾದ್ರೆ ಅವರ ಪದ್ಧತಿ ಇಷ್ಟೇ.

ಅವರ ಒಡನಾಡಿ ಯೋಗಾಚಾರ್ಯ ಸುಂದರಂ. ಇಬ್ಬರೂ ಸೇರಿ ಊರೂರಿಗೆ ಹೋಗಿ ವೇದಿಕೆ ಮೇಲೆ ಪ್ರಾತ್ಯಕ್ಷಿಕೆ ಕೊಡುತ್ತಿದ್ದರು. ಸುಂದರಂ ಆಸನ ಮಾಡಿ ತೋರಿಸಿದರೆ ಅಯ್ಯರ್ ಮಾಂಸಖಂಡ ಕುಣಿಸುತ್ತಿದ್ದರು. ಯೋಗವನ್ನು ಕಾವಿ ಬಟ್ಟೆಯಿಂದ ಬಿಡಿಸಿ ಚಡ್ಡಿ ತೊಡಿಸಿದ ಮೊದಲ ಸಾಲಿನವರು ಇವರು.

ಪುಸ್ತಕ, ಫೋಟೋ, ಅಂಚೆ

ಅಯ್ಯರ್ ಅವರನ್ನು ಸಂತರನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಅವರು ಪ್ರಚಾರದ ಬೆಲೆ ಚೆನ್ನಾಗಿ ಬಲ್ಲವರು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಅಂತ ಇಂಗ್ಲಿಷ್ ಪುಸ್ತಕಗಳು ಬಂದವು. ಅವುಗಳ ತುಂಬ ಫೋಟೋಗಳು. ಗ್ರೀಕ್ ಶಿಲ್ಪದ ಭಂಗಿಯಲ್ಲಿ ನಿಂತ ಅವರ ಚಿತ್ರಗಳು ವಿದೇಶದ ದೇಹದಾರ್ಢ್ಯ ಪತ್ರಿಕೆಗಳಲ್ಲೂ ಅಚ್ಚಾದವು. ದೇವತೆಗಳೇ ಆಸೆಪಡುವಂಥ ಮೈ ತಮ್ಮದು ಅಂತ ಬರೆದುಕೊಳ್ಳುವಷ್ಟು ಧೈರ್ಯ ಆ ಮನುಷ್ಯನಿಗಿತ್ತು. ಇವತ್ತಿನ ಇನ್‌ಸ್ಟಾಗ್ರಾಂ ಭಾಷೆಯಲ್ಲಿ ಹೇಳಬೇಕಂದ್ರೆ, ಇದೆಲ್ಲ ಆಗಲೇ ಅವರು ಮಾಡಿ ಮುಗಿಸಿದ್ದರು.

ಆನ್‌ಲೈನ್ ಕೋಚಿಂಗ್ ಕೂಡ ಹೊಸದಲ್ಲ. ಅಯ್ಯರ್ ಅಂಚೆ ಮೂಲಕ ಪಾಠ ಹೇಳುತ್ತಿದ್ದರು. ದೂರದ ಊರಿನ ಹುಡುಗರು ಶುಲ್ಕ ಕಟ್ಟಿದರೆ ಮನೆಗೇ ಪಾಠ ಬರುತ್ತಿತ್ತು. 1942ರಲ್ಲಿ ಅಂಚೆ ಶಿಕ್ಷಣದ ಹೆಸರಿನಲ್ಲೇ ಒಂದು ಪುಸ್ತಕವನ್ನೂ ತಂದರು. ಮುಂದೆ ಮುಂಬೈಯಲ್ಲಿ ದೊಡ್ಡ ಬ್ಯಾಂಕ್ ಅಧಿಕಾರಿಯಾಗಿ, ಆಮೇಲೆ ಅದ್ವೈತದ ಗುರುವಾಗಿ ಹೆಸರಾದ ರಮೇಶ್ ಬಾಲ್ಸೇಕರ್ ತಾರುಣ್ಯದಲ್ಲಿ ಇದೇ ಅಯ್ಯರ್ ಶಿಷ್ಯ.

ಹಾಗಾದ್ರೆ ಇವತ್ತಿನ ಫಿಟ್‌ನೆಸ್ ಇನ್‌ಫ್ಲುಯೆನ್ಸರ್‌ಗೂ ಅಯ್ಯರ್‌ಗೂ ಏನು ವ್ಯತ್ಯಾಸ? ಒಂದು ಉತ್ತರ ಅವರ ಸಂಜೆಗಳಲ್ಲಿದೆ. ಅದಕ್ಕೆ ಆಮೇಲೆ ಬರ್ತೀನಿ. ಅದಕ್ಕೂ ಮೊದಲು ಅರಮನೆ.

ಕಬ್ಬಿಣ ಕರಗಿಸಿದ ಸಂಸ್ಥಾನ

ನಮ್ಮ ಭದ್ರಾವತಿಯ ಹಳೆ ಹೆಸರು ಬೆಂಕಿಪುರ. ಕೆಮ್ಮಣ್ಣುಗುಂಡಿಯ ಅದಿರು ನಂಬಿಕೊಂಡು 1918ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. 1923ರಲ್ಲಿ ಕುಲುಮೆ ಹೊತ್ತಿತು. 1936ರ ಹೊತ್ತಿಗೆ ಕಾಗದ ಕಾರ್ಖಾನೆಯೂ ಬಂತು. ಎರಡರ ಹಿಂದೆಯೂ ಇದ್ದದ್ದು ನಾಲ್ವಡಿ ಕೃಷ್ಣರಾಜ ಒಡೆಯರ್ ಆಡಳಿತ. ಜನರ ದುಡಿಮೆ, ಕಾಡಿನ ಮರ, ಬೆಟ್ಟದ ಅದಿರು ಎಲ್ಲವನ್ನೂ ಒಂದು ಲೆಕ್ಕಕ್ಕೆ ತಂದು ಆಧುನಿಕ ರಾಜ್ಯ ಕಟ್ಟುವ ಹಟ ಅದಕ್ಕಿತ್ತು.

ಅದೇ ಆಡಳಿತ ಮನುಷ್ಯನ ಮೈಯನ್ನೂ ರಾಜ್ಯದ ಕೆಲಸ ಅಂತಲೇ ನೋಡಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯಿತು. ಮುಂದೆ ಜಗತ್ತಿಗೆಲ್ಲ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಆ ಗುರುವಿನ ಹತ್ತಿರ ಕಲಿತವರೇ. ಬೆಂಗಳೂರಿನ ಅಯ್ಯರ್ ಅವರಿಗೂ ಅರಮನೆಯ ಬಾಗಿಲು ತೆರೆಯಿತು. ಮಹಾರಾಜರಿಗೆ ಪಾರ್ಶ್ವವಾಯು ಬಡಿದಾಗ ಮಾಲೀಷು ಮತ್ತು ವ್ಯಾಯಾಮದಿಂದ ಚೇತರಿಕೆಗೆ ನೆರವಾದವರು ಅಯ್ಯರ್. ಮುಂದೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ವ್ಯಾಯಾಮಶಾಲೆ’ಗೆ ಸ್ವಂತ ಕಟ್ಟಡ ಎದ್ದಾಗ ಅರಮನೆಯ ನೆರವು ಅದಕ್ಕಿತ್ತು. ಹರ್ಕ್ಯುಲಿಸ್ ಎಂಬ ಹೆಸರು ಹೋಗಿ ಕನ್ನಡದ ಹೆಸರು ಬಂತು. ಕಬ್ಬಿಣದ ಗುಂಡು ಮಾತ್ರ ಅದೇ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಅಯ್ಯರ್ ಅವರಿಗೆ ಇಂಗ್ಲಿಷ್ ಇತ್ತು, ಜಾತಿಯ ಅನುಕೂಲ ಇತ್ತು, ಅರಮನೆಯ ಕೃಪೆಯೂ ಇತ್ತು. ಅದೇ ಕಾಲದ ಗರಡಿಗಳಲ್ಲಿ ಎಷ್ಟೋ ತಳ ಸಮುದಾಯದ ಉಸ್ತಾದರು, ಮುಸ್ಲಿಂ ಪೈಲ್ವಾನರು ಬೆವರು ಸುರಿಸಿದರು. ಅವರ ಹೆಸರಲ್ಲಿ ಪುಸ್ತಕ ಬರಲಿಲ್ಲ, ಅವರ ಫೋಟೋ ವಿದೇಶಕ್ಕೆ ಹೋಗಲಿಲ್ಲ. ಅಯ್ಯರ್ ಪುಸ್ತಕಗಳಲ್ಲಿ ಆದರ್ಶ ಅಂತ ನಿಂತಿರುವುದೂ ಗಂಡಿನ ಮೈ. ಪರಿಪೂರ್ಣ ದೇಹ ಅನ್ನುವ ಕಲ್ಪನೆಗೇ ಒಂದು ಕತ್ತಲಿದೆ. 1930ರ ದಶಕದ ಜರ್ಮನಿಯಲ್ಲಿ ಇದೇ ಕನಸು ಜನಾಂಗ ಶ್ರೇಷ್ಠತೆಯ ರಾಜಕೀಯಕ್ಕೆ ಬ್ಯಾನರ್ ಆಯಿತು, ಅದಕ್ಕೆ ಹೊಂದದ ಮೈಗಳನ್ನು ಸಾವಿಗೆ ತಳ್ಳಿದರು. ಮೈ ಕಟ್ಟುವ ಮಾತು ಯಾರು ಆಡಿದರೂ, ಅದರ ಹಿಂದೆ ಯಾರ ಮೈ ಲೆಕ್ಕಕ್ಕಿಲ್ಲ ಅಂತ ಕೇಳಲೇಬೇಕು.

ಸೂರ್ಯ ನಮಸ್ಕಾರ ಯಾರದ್ದು?

ಸೂರ್ಯ ನಮಸ್ಕಾರದ ವಿಷಯ ಇಲ್ಲೇ ಮುಗಿಸಿಬಿಡೋಣ. ಅದನ್ನು ದೇಶದ ತುಂಬ ಪ್ರಚಾರ ಮಾಡಿದವರು ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ. ಅವರೂ ಒಂದು ಕಾಲಕ್ಕೆ ಸ್ಯಾಂಡೋ ಪದ್ಧತಿಯ ಕಸರತ್ತು ಮಾಡಿದವರೇ. ಅಯ್ಯರ್ ಅದನ್ನು ತಮ್ಮ ಜಿಮ್ಮಿನ ಪಾಠಪಟ್ಟಿಗೆ ಸೇರಿಸಿದರು, ಪುಸ್ತಕ ಬರೆದರು. ಯಾವ ಸ್ನಾಯು ಹಿಗ್ಗುತ್ತದೆ, ಉಸಿರು ಯಾವಾಗ ಒಳಗೆ, ಯಾವಾಗ ಹೊರಗೆ ಎಂಬ ಲೆಕ್ಕದಲ್ಲೇ ಅದು ಅಲ್ಲಿ ನಡೆಯಿತು. ಆ ಹೊತ್ತಿಗೆ ಅದನ್ನು ಆಸನದ ಭಾಗ ಅಂತಲೂ ಎಲ್ಲರೂ ಒಪ್ಪಿರಲಿಲ್ಲ. ಇವತ್ತು ನಾವು ಸಾವಿರಾರು ವರ್ಷದ ಯೋಗ ಅಂತ ನೋಡುವ ಈ ಕಸರತ್ತು ಜನರಿಗೆ ತಲುಪಿದ ಹಾದಿ ಜಿಮ್ಮಿನ ಒಳಗಿಂದಲೂ ಹಾದು ಬಂದಿದೆ.

ಸ್ವಾತಂತ್ರ್ಯದ ಅಮೃತ ಮಹೋತ್ಸವದ ಹೆಸರಲ್ಲಿ 75 ಕೋಟಿ ಸೂರ್ಯ ನಮಸ್ಕಾರದ ಕಾರ್ಯಕ್ರಮ ಕಾಲೇಜುಗಳಿಗೆ ಬಂದಾಗ ಪರ-ವಿರೋಧ ಜೋರಾಯಿತು. ಒಂದು ಕಡೆಯವರಿಗೆ ಅದು ದೇಶಭಕ್ತಿಯ ಪರೀಕ್ಷೆ, ಇನ್ನೊಂದು ಕಡೆಯವರಿಗೆ ಧರ್ಮದ ಹೇರಿಕೆ. ಅಯ್ಯರ್ ಜಿಮ್ಮಿಗೆ ಬಂದವರು ತಾವೇ ಬಯಸಿ ಬಂದವರು. ಸುತ್ತೋಲೆ ಹೊರಡಿಸಿ ಮಾಡಿಸಿದರೆ ಕಸರತ್ತು ಕಸರತ್ತಾಗಿ ಉಳಿಯಲ್ಲ, ಹಾಜರಾತಿ ಆಗುತ್ತದೆ. ಅಪ್ಪಣೆ ಕೊಡುವವನು ಕೋಚ್ ಅಲ್ಲ. ಇಷ್ಟು ಸಣ್ಣ ವ್ಯತ್ಯಾಸ ನಮ್ಮ ಶಿಕ್ಷಣ ಇಲಾಖೆಗೆ ಯಾವತ್ತು ತಿಳಿಯುತ್ತೋ.

ಸಂಜೆಯ ಕೆಲಸ

ಈಗ ಆ ಸಂಜೆಗಳಿಗೆ ಬರೋಣ. ಅಯ್ಯರ್ ವ್ಯಾಯಾಮಶಾಲೆ ಬರೀ ಮೈ ಕಟ್ಟುವ ಜಾಗ ಆಗಿರಲಿಲ್ಲ. ಟಿ.ಪಿ. ಕೈಲಾಸಂ ಅಲ್ಲಿಗೆ ಬಂದು ಹೋಗುವವರು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ, ಸಂಸ್ಥಾನದ ಇಲಾಖೆಯಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ನಾಟಕಕ್ಕೆ ಬಿದ್ದ ಮನುಷ್ಯ. ಮನೆಯಲ್ಲಿ ಆಡುವ ಕನ್ನಡ-ಇಂಗ್ಲಿಷ್ ಬೆರಕೆ ಭಾಷೆಯನ್ನು ವೇದಿಕೆಗೆ ತಂದು ಮಧ್ಯಮ ವರ್ಗದ ಬೂಟಾಟಿಕೆಯನ್ನು ನಗೆಪಾಟಲು ಮಾಡಿದವರು. ಬಾಯಲ್ಲಿ ನಾಟಕ ಹೇಳುತ್ತಾ ಹೋಗೋದು ಅವರ ಅಭ್ಯಾಸ, ಬರೆದುಕೊಳ್ಳೋದು ಕೇಳಿದವರ ಪಾಲು. ಅಂಥವರನ್ನು ಸಾಕಿ, ಸಹಿಸಿ, ಅವರ ಮಾತು ಕೇಳಿದವರಲ್ಲಿ ಅಯ್ಯರ್ ಮುಖ್ಯರು. 1946ರಲ್ಲಿ ಕೈಲಾಸಂ ತೀರಿಕೊಂಡರು. ಅಯ್ಯರ್ ಆಮೇಲೆ ಅವರ ನೆನಪುಗಳನ್ನು ಪುಸ್ತಕವಾಗಿ ಬರೆದರು. ಕೈಲಾಸಂ ಬಗ್ಗೆ ಇವತ್ತು ನಮಗೆ ಗೊತ್ತಿರುವ ಎಷ್ಟೋ ಸಂಗತಿ ಒಬ್ಬ ಜಿಮ್ ಮೇಷ್ಟರ ನೆನಪಿನಿಂದ ಬಂದದ್ದು.

ಜಿಮ್ ನಡೆಸುತ್ತಲೇ ಅವರು ‘ರವಿ ಕಲಾವಿದರು’ ಎಂಬ ಹವ್ಯಾಸಿ ನಾಟಕ ತಂಡ ಕಟ್ಟಿದರು. ಬೆಳಿಗ್ಗೆ ಗುಂಡು ಎತ್ತುವ ಜಾಗದ ಒಡೆಯ ಸಂಜೆ ಸಂಭಾಷಣೆ ತಿದ್ದುತ್ತಿದ್ದರು. ಮೈ ಬೆಳೆಸಲು ಬಂದ ಹುಡುಗನಿಗೆ ಸಾಹಿತಿಗಳು, ನಟರು ಕಣ್ಣಿಗೆ ಬೀಳುವಂಥ ವಾತಾವರಣ ಅಲ್ಲಿತ್ತು. ಇನ್‌ಫ್ಲುಯೆನ್ಸರ್‌ಗೂ ಅಯ್ಯರ್‌ಗೂ ಇರುವ ವ್ಯತ್ಯಾಸ ಇದೇ. ಇನ್‌ಫ್ಲುಯೆನ್ಸರ್ ನಿಮ್ಮನ್ನು ನಿಮ್ಮ ಕನ್ನಡಿ ಮುಂದೆ ಒಂಟಿಯಾಗಿ ನಿಲ್ಲಿಸುತ್ತಾನೆ, ಅಯ್ಯರ್ ನಾಲ್ಕು ಜನರ ನಡುವೆ ತಂದು ಕೂರಿಸಿದರು.

ಆಮೇಲೆ ಕಾದಂಬರಿಗಳು. ‘ಶಾಂತಲಾ’ ಹೊಯ್ಸಳ ವಿಷ್ಣುವರ್ಧನನ ರಾಣಿಯ ಕಥೆ. ನೃತ್ಯ ಬಲ್ಲ ಹೆಣ್ಣಿನ ಬದುಕು ಅದು. ಮೈಯ ಶಿಸ್ತು ಬಲ್ಲವನೊಬ್ಬ ಬರೆದ ಪುಸ್ತಕ ಅಂತ ತಿಳಿದು ಓದಿದರೆ ಬೇರೆಯೇ ಅನಿಸುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ರೂಪದರ್ಶಿ’.

ಕಥೆ ನಡೆಯೋದು ಇಟಲಿಯಲ್ಲಿ. ಮೈಕೆಲೇಂಜೆಲೊ ಬಾಲ ಯೇಸುವಿನ ಚಿತ್ರಕ್ಕೆ ರೂಪದರ್ಶಿ ಹುಡುಕುತ್ತಾನೆ. ಮುಗ್ಧ ಮುಖದ ಒಬ್ಬ ಹುಡುಗ ಸಿಗುತ್ತಾನೆ. ವರ್ಷಗಳು ಉರುಳುತ್ತವೆ. ಯೇಸುವಿಗೆ ದ್ರೋಹ ಬಗೆದ ಜೂಡಾಸನ ಚಿತ್ರಕ್ಕೆ ಈಗ ಕ್ರೌರ್ಯ ತುಂಬಿದ ಮುಖ ಬೇಕು. ಹುಡುಕಿ ಹುಡುಕಿ ಕೊನೆಗೆ ಒಬ್ಬ ಸಿಗುತ್ತಾನೆ. ಅವನೇ ಆ ಹಳೆಯ ಹುಡುಗ. ಮುಖ ಅದೇ. ನಡುವೆ ಬದುಕು ಅವನನ್ನು ಹೇಗೆ ನಡೆಸಿಕೊಂಡಿತು ಅನ್ನೋದಷ್ಟೇ ಬೇರೆ.

ಸಾವಿರಾರು ಹುಡುಗರ ಮೈಯನ್ನು ಕಣ್ಣಾರೆ ಕಂಡ ಕೋಚ್ ಒಬ್ಬರು ಈ ಕಥೆ ಆರಿಸಿಕೊಂಡದ್ದು ಆಕಸ್ಮಿಕ ಅಂತ ನನಗನಿಸಲ್ಲ. ಮೈ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಯಾರ ಕೈಗೆ ಸಿಕ್ಕಿತು, ಯಾರ ಜೊತೆ ಬೆಳೆಯಿತು, ಬಿದ್ದಾಗ ಯಾರು ಎತ್ತಿದರು, ಪ್ರಶ್ನೆ ಇರೋದು ಅಲ್ಲಿ.

ನಮ್ಮೂರಿನ ರೂಪದರ್ಶಿಗಳು

ಈಗ ಶಿವಮೊಗ್ಗದ ಮಾತು. 2022ರ ಫೆಬ್ರವರಿಯಲ್ಲಿ ಒಂದು ಕೊಲೆ, ಅದರ ಬೆನ್ನಿಗೆ ಕಲ್ಲು, ಬೆಂಕಿ, ನಿಷೇಧಾಜ್ಞೆ. 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡದಲ್ಲಿ ಮತ್ತೆ ಕಲ್ಲು, ಮತ್ತೆ ನಿಷೇಧಾಜ್ಞೆ. ಎಫ್‌ಐಆರ್‌ಗಳಲ್ಲಿ ಬರುವ ಹೆಸರುಗಳ ವಯಸ್ಸು ನೋಡಿ. ಇಪ್ಪತ್ತರ ಆಚೀಚೆ. ಎಲ್ಲ ಪಕ್ಷದವರಿಗೂ ಮೆರವಣಿಗೆಗೆ, ಬ್ಯಾನರ್ ಕಟ್ಟೋಕೆ, ಜಗಳಕ್ಕೆ ಬೇಕಾಗಿರೋದು ಇದೇ ವಯಸ್ಸಿನ ಗಟ್ಟಿ ಮೈ. ಕೇಸ್ ಬಿದ್ದ ಮೇಲೆ ಕೋರ್ಟ್ ಅಲೆಯೋದು ಅವರ ಅವ್ವಂದಿರು.

ಭದ್ರಾವತಿ ಕಥೆ ಬೇರೆ, ಆದರೆ ಗಾಯ ಅದೇ. ಕಾಗದ ಕಾರ್ಖಾನೆ ಸುಮಾರು ಹತ್ತು ವರ್ಷದಿಂದ ಸ್ತಬ್ಧ. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಸ್ವಲ್ಪ ಮಟ್ಟಿಗೆ ಕೆಲಸ ಮತ್ತೆ ಶುರುವಾದರೂ ಮುಂದೇನು ಅನ್ನುವ ಭಯ ಹೋಗಿಲ್ಲ. ಕಾರ್ಖಾನೆಯ ಊರು ಅಂದ್ರೆ ಸಂಬಳ ಮಾತ್ರ ಅಲ್ಲ. ಮೈದಾನ, ಕ್ಲಬ್ಬು, ಶಾಲೆ, ಆಸ್ಪತ್ರೆ ಎಲ್ಲವೂ ಅದರ ಜೊತೆ ಬರುತ್ತವೆ, ಅದರ ಜೊತೆಗೇ ಸೊರಗುತ್ತವೆ. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು ಇದು. ಅಪ್ಪನಿಗೆ ಸಿಕ್ಕ ಪರ್ಮನೆಂಟ್ ಕೆಲಸ ಮಗನಿಗೆ ಇಲ್ಲ. ಮಗನ ಹತ್ತಿರ ಇರೋದು ಸಮಯ ಮತ್ತು ಮೈ. ಜಿಮ್‌ಗೆ ಹೋಗ್ತಾನೆ. ಪೊಲೀಸ್ ಕೆಲಸಕ್ಕೋ ಸೇನೆಗೋ ಆಯ್ಕೆ ಆಗೋ ಆಸೆ. ಸೇನೆಗೆ ಹೋದರೂ 2022ರಿಂದ ಅಗ್ನಿವೀರ, ಅಂದ್ರೆ ನಾಲ್ಕು ವರ್ಷ. ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬ ಮುಂದೆ ಉಳೀತಾನೆ.

ನಾನು ಹೋಗುತ್ತಿದ್ದ ಒಂದು ಜಿಮ್ಮಿನಲ್ಲಿ ಟ್ರೈನರ್ ಮೊದಲ ವಾರವೇ ಪ್ರೋಟೀನ್ ಡಬ್ಬದ ರೇಟು ಹೇಳಿದ್ದರು. ಮೊಣಕಾಲು ನೋವಿದೆಯಾ ಅಂತ ಕೇಳಿದ್ದು ಮೂರನೇ ತಿಂಗಳು. ಅವರನ್ನು ದೂರಿ ಪ್ರಯೋಜನವಿಲ್ಲ. ತಿಂಗಳ ಸಂಬಳ ಕಮ್ಮಿ, ಡಬ್ಬ ಮಾರಿದರೆ ಕಮಿಷನ್. ವ್ಯವಸ್ಥೆ ಅವರನ್ನು ಕೋಚ್ ಆಗೋಕೆ ಬಿಟ್ಟಿಲ್ಲ, ಸೇಲ್ಸ್‌ಮನ್ ಮಾಡಿದೆ.

ಕೋಚ್ ಅಂದ್ರೆ ಹುದ್ದೆ

ಅಮೆರಿಕದ ಕಾಲೇಜುಗಳಲ್ಲಿ ಬೇಸ್‌ಬಾಲ್ ತಂಡದ ಹೆಡ್ ಕೋಚ್ ಅನ್ನೋದು ಸಂಬಳ, ಗೌರವ, ವೃತ್ತಿಜೀವನ ಎಲ್ಲ ಇರುವ ಹುದ್ದೆ. ಅಂಥ ವ್ಯವಸ್ಥೆಯಿಂದ ಬಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ದೈಹಿಕ ಶಿಕ್ಷಕ ಎಂಬ ವೃತ್ತಿ ನಮ್ಮಲ್ಲಿ ಬೇರು ಬಿಟ್ಟದ್ದು ಅಲ್ಲಿಂದ. ಬಕ್ ಶಾಲೆಗಳಿಗೆ ಮೇಷ್ಟರನ್ನು ತಯಾರು ಮಾಡುತ್ತಿದ್ದ ಕಾಲದಲ್ಲೇ ಅಯ್ಯರ್ ಯಾವ ಕಾಲೇಜೂ ಇಲ್ಲದೆ ಬೀದಿಯಲ್ಲಿ ನಿಂತು ಕೋಚ್ ಆದರು. ಒಂದು ದಾರಿ ಸಂಸ್ಥೆಯದ್ದು, ಇನ್ನೊಂದು ವ್ಯಕ್ತಿಯದ್ದು.

ವ್ಯಕ್ತಿಯ ದಾರಿಗೆ ಒಂದು ಮಿತಿ ಇದೆ. 1980ರಲ್ಲಿ ಅಯ್ಯರ್ ತೀರಿಕೊಂಡರು. ಅವರ ಕಾದಂಬರಿಗಳು ಉಳಿದವು, ಪದ್ಧತಿ ಪುಸ್ತಕದಲ್ಲಿ ಉಳಿಯಿತು. ಆದರೆ ಮೈ, ಮಾತು, ನಾಟಕ ಒಂದೇ ಸೂರಿನಡಿ ಇದ್ದ ಆ ವಾತಾವರಣ ಮತ್ತೆ ಹುಟ್ಟಲಿಲ್ಲ. ಒಬ್ಬ ಮನುಷ್ಯನ ಉತ್ಸಾಹದ ಮೇಲೆ ನಿಂತದ್ದು ಅವನ ಜೊತೆಗೇ ಹೋಗುತ್ತದೆ. ಸಂಸ್ಥೆಯ ದಾರಿಯನ್ನು ನಾವೇ ಕೈಬಿಟ್ಟಿದ್ದೇವೆ. ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ಕಡೆ ಪಿಟಿ ಮೇಷ್ಟರ ಹುದ್ದೆ ಖಾಲಿ. ಇದ್ದ ಕಡೆ ಪಿಟಿ ಪಿರಿಯಡ್ಡು ಗಣಿತದ ಪಾಲು. ಪಿಟಿ ಮೇಷ್ಟರು ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ ಅಂತ ಓಡಾಡ್ತಿರ್ತಾರೆ.

ಹಾಗಾಗಿ ಅಯ್ಯರ್ ಹೆಸರಲ್ಲಿ ಪ್ರತಿಮೆ, ಜಯಂತಿ ಯಾವುದೂ ನನಗೆ ಬೇಡ. ಮೂರು ಬೇಡಿಕೆ ಸಾಕು. ಶಿವಮೊಗ್ಗ ಮಹಾನಗರ ಪಾಲಿಕೆಯ ಪ್ರತಿ ವಾರ್ಡಿನಲ್ಲಿ, ಭದ್ರಾವತಿ ನಗರಸಭೆಯ ಪ್ರತಿ ಬಡಾವಣೆಯಲ್ಲಿ ಒಂದು ಸಾರ್ವಜನಿಕ ವ್ಯಾಯಾಮಶಾಲೆ. ಪಾರ್ಕಿನಲ್ಲಿ ಮಳೆಗೆ ತುಕ್ಕು ಹಿಡಿಯುವ ಕಬ್ಬಿಣದ ಕುದುರೆ ಅಲ್ಲ. ಸೂರು, ಬೆಳಕು ಇರುವ, ಹೆಣ್ಣುಮಕ್ಕಳೂ ಹೆದರದೆ ಬರುವ ಜಾಗ. ಎರಡನೆಯದು, ಅಲ್ಲಿ ತರಬೇತಿ ಪಡೆದ, ಸಂಬಳ ಪಡೆಯುವ ಕೋಚ್. ಡಬ್ಬ ಮಾರದವರು. ಮೂರನೆಯದು, ಪಕ್ಕದಲ್ಲೇ ಒಂದು ಕೋಣೆ. ಪತ್ರಿಕೆ, ಪುಸ್ತಕ, ಸಂಜೆ ನಾಟಕದ ತಾಲೀಮು. ಒಂದೇ ಗುಂಡು ಎತ್ತುವಾಗ ಪಕ್ಕದವನ ಜಾತಿ, ಧರ್ಮ ಕೇಳೋಕೆ ಉಸಿರು ಇರಲ್ಲ. ಉಸಿರು ಬಂದ ಮೇಲೆ ಮಾತಾಡೋಕೆ ಒಂದು ಜಾಗ ಬೇಕು.

ಇದು ದೊಡ್ಡ ಖರ್ಚಿನ ಮಾತಲ್ಲ. ನೂರು ವರ್ಷದ ಹಿಂದೆ ಕಾಡಿನ ನಡುವೆ ಕುಲುಮೆ ಹೊತ್ತಿಸಿದ ನೆಲ ಇದು. ಮುಂದಿನ ಸಲ ಪಾಲಿಕೆ ಅಥವಾ ನಗರಸಭೆ ಚುನಾವಣೆಗೆ ಓಟು ಕೇಳೋಕೆ ಬಂದವರು ನಿಮ್ಮ ತೋಳು ನೋಡಿ ಬೈಕ್ ರ‍್ಯಾಲಿಗೆ ಕರೆದರೆ, ನಮ್ಮ ವಾರ್ಡಿನ ವ್ಯಾಯಾಮಶಾಲೆ ಎಲ್ಲಿ ಅಂತ ಕೇಳಿ. ಉತ್ತರ ಬರೋವರೆಗೂ ಬೈಕ್ ಸ್ಟ್ಯಾಂಡ್ ತೆಗೀಬೇಡಿ.